ಅಚಲೆಯ ಚಲನೆ

ಸಂಸ್ಕೃತದ ನಿಘಂಟುಗಳು ಭೂಮಿಗೆ ಕೊಟ್ಟಿರುವ ಹೆಸರುಗಳಲ್ಲಿ ‘ಅಚಲಾ’ ಎಂಬುದೂ ಒಂದು. ಬೆಂಗಳೂರಿನ ಬಂಡೆಯ ಮೇಲೆ ನಿಂತವನಿಗೆ ಆ ಹೆಸರು ಸಲ್ಲುವುದೆಂದೇ ತೋರುತ್ತದೆ. ಸಹಕಾರನಗರ, ಹೆಬ್ಬಾಳ, ಯಲಹಂಕಗಳ ಮನೆಗಳಿಗೆ ಆಧಾರವಾಗಿರುವ ನೈಸ್ ಶಿಲೆ ಲಾಲ್‌ಬಾಗಿನ ಬಂಡೆಯ ಒಡಹುಟ್ಟು. ವಯಸ್ಸು ಸುಮಾರು 300 ಕೋಟಿ ವರ್ಷ. ಆದರೆ ಈ ಬಂಡೆಯೇ ತಾನು ಅಚಲವಲ್ಲವೆಂದು ಸಾಕ್ಷಿ ನುಡಿಯುತ್ತದೆ.

ಬೆಂಗಳೂರಿನ ಸುತ್ತಣ ನೈಸ್ ಶಿಲೆಯನ್ನು ಸೀಳಿಕೊಂಡು ಕರಿಕಲ್ಲಿನ ಉದ್ದನೆಯ ಪಟ್ಟಿಗಳು ಹಾದುಹೋಗಿವೆ. ಸುಮಾರು 237 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲಾಪಾಕವು ಬಿರುಕುಗಳಲ್ಲಿ ಮೇಲೇರಿ ಹೆಪ್ಪುಗಟ್ಟಿತು. ಆಗ ಅದರೊಳಗಿನ ಕಾಂತಕಣಗಳು ಅಂದಿನ ಭೂಕಾಂತದ ದಿಕ್ಕನ್ನು ಹಿಡಿದು ನಿಂತವು. ಭೂಕಾಂತದ ರೇಖೆಗಳು ಸಮಭಾಜಕದಲ್ಲಿ ನೆಲಕ್ಕೆ ಸಮನಾಗಿಯೂ ಧ್ರುವದಲ್ಲಿ ಕಡಿದಾಗಿಯೂ ಇರುತ್ತವೆ. ಈ ಕಲ್ಲುಗಳಲ್ಲಿ ಉಳಿದಿರುವ ದಿಕ್ಕು ಬಹಳ ಕಡಿದು. ಎಂದರೆ, ಇಂದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಮ್ಮ ನೆಲ ಅಂದು ಧ್ರುವದ ನೆರೆಯಲ್ಲಿತ್ತು!

ಹೀಗಾಗಲು ಎರಡು ದಾರಿಗಳುಂಟು. ಭೂಖಂಡಗಳು ಒಂದೊಂದೂ ತನ್ನ ಪಾಡಿಗೆ ತೇಲಿ ಸಾಗುವುದು ಮೊದಲನೆಯದು. ಭಾರತ ಇಂದಿಗೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಎರಡನೆಯದು ಇನ್ನೂ ವಿಚಿತ್ರ. ಅಕ್ಷವು ಆಕಾಶದಲ್ಲಿ ತನ್ನ ದಿಕ್ಕನ್ನು ಬಿಡದು. ಭೂಮಿಯ ಹೊರಕವಚ ಮತ್ತು ಅದರಡಿಯ ಗಟ್ಟಿ ಪದರಗಳು ಮಾತ್ರ, ಒಳಗಿನ ದ್ರವಲೋಹದ ಗರ್ಭದ ಮೇಲೆ, ಎಲ್ಲ ಖಂಡಗಳನ್ನೂ ಹೊತ್ತು ಒಟ್ಟಿಗೆ ಹೊರಳುತ್ತವೆ. ಕಾರಣ ತೂಕದ ಹಂಚಿಕೆ. ತಿರುಗುವ ಗೋಳದ ಒಂದೆಡೆ ಭಾರ ಹೆಚ್ಚಿದರೆ, ಆ ಭಾರ ಸಮಭಾಜಕದತ್ತ ಸರಿಯುವಂತೆ ಗೋಳವೇ ಹೊರಳಿಕೊಳ್ಳುತ್ತದೆ.

ಒಂದು ನಾಡಿನ ಕಲ್ಲು ಈ ಎರಡನ್ನೂ ಬೇರ್ಪಡಿಸಿ ಹೇಳಲಾರದು. ಎಲ್ಲ ಖಂಡಗಳ ಕಲ್ಲುಗಳೂ ಒಂದೇ ಕಾಲದಲ್ಲಿ ಒಂದೇ ಹೊರಳನ್ನು ತೋರಿದರೆ ಮಾತ್ರ ಕವಚವೇ ಸರಿಯಿತೆನ್ನಬಹುದು. ಸುಮಾರು 8.4 ಕೋಟಿ ವರ್ಷಗಳ ಹಿಂದೆ ಕವಚ 12 ಡಿಗ್ರಿಯಷ್ಟು ಹೊರಳಿ ಮತ್ತೆ ಮರಳಿತೆಂದು, ಇಟಲಿಯ ಸುಣ್ಣಕಲ್ಲನ್ನು ಪರೀಕ್ಷಿಸಿದ ವಿಜ್ಞಾನಿಗಳು 2021ರಲ್ಲಿ ವಾದಿಸಿದರು.

ಇದೆಲ್ಲ ಪ್ರಕೃತಿಯ ವ್ಯಾಪಾರ, ಮನುಷ್ಯನಿಗೇನು ಸಂಬಂಧ ಎನ್ನುವಂತಿಲ್ಲ. 1993ರಿಂದ 2010ರವರೆಗೆ ಜಗತ್ತು ನೆಲದಡಿಯಿಂದ ಎತ್ತಿ ಬಳಸಿ ಕಡಲಿಗೆ ಸೇರಿಸಿದ ನೀರು ಸುಮಾರು 2 ಲಕ್ಷ 15 ಸಾವಿರ ಕೋಟಿ ಟನ್ನು. ಆ ಭಾರದ ಬದಲಾವಣೆಯಿಂದ ಧ್ರುವ 80 ಸೆಂಟಿಮೀಟರಿನಷ್ಟು ಸರಿಯಿತೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಹೆಚ್ಚು ನೀರು ಎತ್ತಿದ ಸೀಮೆಗಳಲ್ಲಿ ವಾಯವ್ಯ ಭಾರತವೂ ಒಂದು. ಇದರಿಂದ ಋತುಗಳು ಬದಲಾಗವು, ದಿಗಿಲಿಗೆ ಎಡೆಯಿಲ್ಲ.

ದಿಗಿಲು ಬೇರೆಡೆ ಇದೆ. ಬೆಂಗಳೂರಿನ ಗಟ್ಟಿ ಶಿಲೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಅದು ಬತ್ತಿದಂತೆಲ್ಲ ನಾವು ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಯುತ್ತೇವೆ. ಧ್ರುವವನ್ನು ಸರಿಸಿದ ಲೆಕ್ಕದಲ್ಲಿ ನಮ್ಮ ಬಡಾವಣೆಗಳ ಪಾಲು ಕಣ್ಣಿಗೆ ಕಾಣದಷ್ಟು ಸಣ್ಣದು. ಅದೇ ನೀರು ನಮ್ಮ ಮಕ್ಕಳ ಬಿಂದಿಗೆಯಲ್ಲಿ ಕಡಿಮೆಯಾದರೆ, ಆ ಕೊರತೆ ಸಣ್ಣದಾಗಿರದು.