ಮಕ್ಕಳ ಪಾದದ ಅಳತೆ ಮತ್ತು ಮಳೆಗಾಲದ ಗಂಬೂಟು

ಮುಂಗಾರು ಕಾಲಿಡುವ ಹೊತ್ತಿಗೂ ಶಾಲೆಗಳು ತೆರೆಯುವ ಹೊತ್ತಿಗೂ ನಮ್ಮ ನಾಡಿನಲ್ಲಿ ಹೆಚ್ಚು ಅಂತರವಿಲ್ಲ. ಮೇ ತಿಂಗಳ ಕೊನೆಗೆ ಮನೆಯ ಹಿರಿಯರು ಪೇಟೆಗೆ ಹೊರಟರೆಂದರೆ ಪಠ್ಯಪುಸ್ತಕ, ಸಮವಸ್ತ್ರ, ಕೊಡೆಗಳ ಪಟ್ಟಿಯ ತುದಿಯಲ್ಲಿ ಮಕ್ಕಳ ಪಾದರಕ್ಷೆಯೂ ಸೇರಿರುತ್ತದೆ. ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇವೆ. ಸಮವಸ್ತ್ರಕ್ಕಾಗಿ ಮಗುವನ್ನು ದರ್ಜಿಯ ಮುಂದೆ ನಿಲ್ಲಿಸುತ್ತೇವೆ. ಪಾದರಕ್ಷೆಯನ್ನು ಮಾತ್ರ ಮಗುವಿನ ವಯಸ್ಸು ಹೇಳಿ ತಂದುಬಿಡುತ್ತೇವೆ. ಹೆಚ್ಚೆಂದರೆ ತೆಂಗಿನ ಗರಿಯ ಕಡ್ಡಿಯೊಂದನ್ನು ಕಾಲಿನುದ್ದಕ್ಕೆ ಮುರಿದು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗುವುದುಂಟು. "ಬೆಳೆಯುವ ಮಗು, ಒಂದೆರಡು ನಂಬರು ದೊಡ್ಡದಿರಲಿ, ಮುಂದಿನ ವರ್ಷಕ್ಕೂ ಬರುತ್ತದೆ" ಎಂಬುದು ಎಲ್ಲ ಮನೆಗಳಲ್ಲೂ ಕೇಳಿಬರುವ ಮಾತು. ನಾನೂ ಅದನ್ನು ಎಷ್ಟೋ ಸಲ ಹೇಳಿದವಳೇ. ಹಾಗೆ ಹೇಳುವುದನ್ನು ಬಿಟ್ಟದ್ದು ಒಂದು ಆಷಾಢದ ಬೆಳಿಗ್ಗೆ.

ನಮ್ಮದು ಹೊಸನಗರ ಸೀಮೆಯ ಹಳ್ಳಿ. ಮೊಮ್ಮಗಳಿಗೆ ಆಗ ಏಳು ವರ್ಷ. ಶಾಲೆಗೆ ಹೋಗುವ ದಾರಿಯಲ್ಲಿ ಉಂಬಳದ ಕಾಟ, ಕೆಸರು, ಹಾವಿನ ಭಯ ಎಲ್ಲವೂ ಇದ್ದುದರಿಂದ ಮಗ ಪೇಟೆಯಿಂದ ಹಳದಿ ಬಣ್ಣದ ಗಂಬೂಟು ತಂದಿದ್ದ. ಎರಡು ನಂಬರು ದೊಡ್ಡದು. ಮುಂದುಗಡೆ ಹತ್ತಿ ತುರುಕಿದೆವು. "ಅಜ್ಜಿ, ಕಾಲು ಒಳಗೇ ಓಡಾಡ್ತದೆ" ಎಂದು ಮಗು ಎರಡು ಸಲ ಹೇಳಿತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಳ್ಳದ ಸಂಕ ದಾಟುವಾಗ ಹಿಮ್ಮಡಿ ಬೂಟಿನಿಂದ ಮೇಲೆದ್ದು, ಬೂಟಿನ ಮೂತಿ ಅಡಕೆಮರದ ದಬ್ಬೆಗೆ ಸಿಕ್ಕಿ ಮಗು ಕೆಳಗೆ ಬಿತ್ತು. ಸೊಂಟದುದ್ದದ ನೀರು. ಬೂಟಿನೊಳಗೆ ನೀರು ತುಂಬಿಕೊಂಡಿತೆಂದರೆ ಕಾಲನ್ನು ಎತ್ತಿಡುವುದು ದೊಡ್ಡವರಿಗೂ ಕಷ್ಟ. ಹಿಂದೆ ಬರುತ್ತಿದ್ದ ತೋಟದ ಕೆಲಸದವರೊಬ್ಬರು ತೋಳು ಹಿಡಿದು ಎಳೆದುಕೊಂಡರು. ಬೂಟಿನಲ್ಲಿ ಒಂದು ಹಳ್ಳದ ಪಾಲಾಯಿತು. ಮಗು ಉಳಿಯಿತು. ಅಂದು ಪೂಜೆಗೆ ಕುಳಿತಾಗ ಅಂಗೈಯ ಮೇಲಿನ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಲಿಲ್ಲವೆಂಬುದನ್ನು ಮುಚ್ಚಿಡಲಾರೆ.

ಪಾದವೆಂದರೆ ನಮ್ಮ ಸಮಾಜಕ್ಕೆ ಕಡಿಮೆಯ ಅಂಗವಲ್ಲ. ಗುರು ಜಂಗಮರು ಮನೆಗೆ ಬಂದರೆ ಪಾದಪೂಜೆ ಮಾಡುತ್ತೇವೆ, ಪಾದೋದಕ ಸ್ವೀಕರಿಸುತ್ತೇವೆ. ಶರಣ ಹರಳಯ್ಯನವರ ಕಥೆಯನ್ನು ಕೇಳದ ಮನೆಯೂ ಇಲ್ಲ. ತಮ್ಮ ಒಂದು ಶರಣಿಗೆ ಬಸವಣ್ಣನವರು ಎರಡು ಶರಣು ಹೇಳಿದರೆಂದು, ಆ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಹೊಲಿದರೆಂದೂ ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲಿರಿಸಿಕೊಂಡರೆಂದೂ ಹೇಳುತ್ತಾರೆ. ಚಿಕ್ಕವಳಿದ್ದಾಗ ನನಗೊಂದು ಸಂಶಯವಿತ್ತು: ಅಳತೆಯನ್ನು ಹೇಗೆ ತೆಗೆದುಕೊಂಡರು? ಕಥೆ ಹೇಳುವವರು ಯಾರೂ ಅದನ್ನು ಹೇಳುವುದಿಲ್ಲ. ಕಾಯಕದಲ್ಲಿ ಪಳಗಿದ ಕಣ್ಣಿಗೆ ಒಂದು ನೋಟ ಸಾಕಾಗಿದ್ದಿರಬಹುದು. ನಮ್ಮ ಕಣ್ಣುಗಳಿಗೆ ಆ ಪಳಗುವಿಕೆ ಇಲ್ಲವಾದ್ದರಿಂದ ನಾವು ಬಗ್ಗಿ ಅಳೆಯಲೇಬೇಕು. ಜಂಗಮರ ಪಾದವನ್ನು ಅಷ್ಟು ಭಕ್ತಿಯಿಂದ ನೋಡುವ ಮನೆಯಲ್ಲಿ ಮಗುವಿನ ಪಾದವನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲವೆಂಬುದು ಸಂಕೋಚಪಡಬೇಕಾದ ಸಂಗತಿ.

ಮನುಷ್ಯನ ಒಂದು ಪಾದದಲ್ಲಿ 26 ಮೂಳೆಗಳಿರುತ್ತವೆ. ಹುಟ್ಟಿದ ಮಗುವಿನಲ್ಲಿ ಇವುಗಳ ಬಹುಭಾಗ ಇನ್ನೂ ಮೃದ್ವಸ್ಥಿಯೇ. ಅದು ಗಟ್ಟಿಯಾಗಿ ಮೂಳೆಯಾಗುವ ಕೆಲಸ ಹದಿಹರೆಯ ಮುಗಿಯುವವರೆಗೆ ನಡೆದಿರುತ್ತದೆ. ಹೀಗಾಗಿ ಬಿಗಿಯಾದ ಬೂಟಿನೊಳಗೆ ಎಳೆಯ ಬೆರಳುಗಳು ನೋವಿಲ್ಲದೆ ಮಡಚಿಕೊಂಡುಬಿಡುತ್ತವೆ. ಮಗು ದೂರುವುದಿಲ್ಲ, ನಮಗೆ ತಿಳಿಯುವುದೂ ಇಲ್ಲ. ಮೂರು ವರ್ಷದೊಳಗಿನ ಮಕ್ಕಳ ಪಾದವನ್ನು ಮೂರು ತಿಂಗಳಿಗೊಮ್ಮೆ, ಶಾಲೆಗೆ ಹೋಗುವ ಮಕ್ಕಳದನ್ನು ಆರು ತಿಂಗಳಿಗೊಮ್ಮೆಯಾದರೂ ಅಳೆಯುವುದು ಒಳ್ಳೆಯದು. ಕಳೆದ ಯುಗಾದಿಯ ಅಳತೆ ಈ ಮುಂಗಾರಿಗೆ ಸರಿಹೋಗಬೇಕೆಂದೇನೂ ಇಲ್ಲ.

ಅಂಗಡಿಯವರು ಹೇಳುವ ನಂಬರಿನ ಮೂಲವೂ ವಿಚಿತ್ರವಾದುದೇ. ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಇಂಗ್ಲೆಂಡಿನ ಪದ್ಧತಿ. ಅಲ್ಲಿ ಹಿಂದೆ ಮೂರು ಬಾರ್ಲಿ ಕಾಳುಗಳ ಉದ್ದವನ್ನು ಒಂದು ಅಂಗುಲವೆಂದು ಎಣಿಸುತ್ತಿದ್ದರು. ಒಂದು ನಂಬರಿಗೂ ಮುಂದಿನ ನಂಬರಿಗೂ ಒಂದು ಕಾಳಿನಷ್ಟು, ಅಂದರೆ ಅಂಗುಲದ ಮೂರನೆಯ ಒಂದು ಭಾಗ, ಸುಮಾರು ಎಂಟೂವರೆ ಮಿಲಿಮೀಟರ್ ಅಂತರ. ಎರಡು ನಂಬರು ದೊಡ್ಡದೆಂದರೆ ಹದಿನೇಳು ಮಿಲಿಮೀಟರ್ ಆಯಿತು. ಮಕ್ಕಳ ನಂಬರು 13ಕ್ಕೆ ಮುಗಿದು ದೊಡ್ಡವರದು ಮತ್ತೆ 1ರಿಂದ ಆರಂಭವಾಗುವುದರಿಂದ, "ಒಂದು ನಂಬರು ಕೊಡಿ" ಎಂದು ಪುಟ್ಟ ಮಗುವಿಗೆ ಕೇಳಿ ಹತ್ತು ವರ್ಷದವರ ಬೂಟನ್ನು ಹೊತ್ತು ತಂದವರೂ ಇದ್ದಾರೆ. ಯುರೋಪಿನ ನಂಬರುಗಳು ಬೇರೆಯೇ. ಅಲ್ಲಿ ಒಂದು ನಂಬರಿನ ಅಂತರ ಸೆಂಟಿಮೀಟರಿನ ಮೂರನೆಯ ಎರಡು ಭಾಗ. ಆದುದರಿಂದ ನಂಬರನ್ನು ನಂಬದೆ ಸೆಂಟಿಮೀಟರ್ ಅಳತೆಯನ್ನೇ ಜೊತೆಗೆ ಒಯ್ಯಬೇಕು.

ಅಳೆಯುವುದಕ್ಕೆ ಸಂಜೆಯ ಹೊತ್ತು ಸೂಕ್ತ. ದಿನವಿಡೀ ಓಡಾಡಿದ ಪಾದ ಬೆಳಗಿನದಕ್ಕಿಂತ ಕೊಂಚ ಉಬ್ಬಿರುತ್ತದೆ. ಗೋಡೆಗೆ ಒತ್ತಿ ನೆಲದ ಮೇಲೆ ಒಂದು ಹಾಳೆ ಹಾಸಿ, ಮಳೆಗಾಲದಲ್ಲಿ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಸಿ, ಹಿಮ್ಮಡಿ ಗೋಡೆಗೆ ತಾಗುವಂತೆ ಮಗುವನ್ನು ನೇರವಾಗಿ ನಿಲ್ಲಿಸಿರಿ. ಕೂತ ಮಗುವಿನ ಪಾದವನ್ನು ಅಳೆಯಬಾರದು. ಮೈಭಾರ ಬಿದ್ದಾಗ ಪಾದ ಉದ್ದಕ್ಕೂ ಅಗಲಕ್ಕೂ ಹರಡಿಕೊಳ್ಳುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಿರಿ. ಓರೆ ಹಿಡಿದರೆ ಅಳತೆ ಕಿರಿದಾಗುತ್ತದೆ. ಮಕ್ಕಳು ಕಚಗುಳಿಯಾಗಿ ಬೆರಳು ಮಡಚುವುದುಂಟು, ಅದಕ್ಕೆ ಬೇರೆಯವರೊಬ್ಬರು ಮಾತಿಗೆಳೆಯುತ್ತಿದ್ದರೆ ಒಳಿತು. ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನ ತುದಿಯವರೆಗೆ ಅಳೆಯಬೇಕು. ಎಷ್ಟೋ ಮಕ್ಕಳಲ್ಲಿ ಹೆಬ್ಬೆರಳಿಗಿಂತ ಎರಡನೆಯ ಬೆರಳೇ ಉದ್ದ. ಎರಡೂ ಪಾದಗಳನ್ನು ಅಳೆದು ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಎಡ ಬಲ ಪಾದಗಳು ಸಮನಾಗಿರುವುದು ಅಪರೂಪ.

ಆ ಉದ್ದಕ್ಕೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಸೇರಿಸಿ, ಎರಡು ಬೆರಳಗಲದ ರಟ್ಟಿನ ಪಟ್ಟಿಯೊಂದನ್ನು ಕತ್ತರಿಸಿಕೊಳ್ಳಿರಿ. ಪೇಟೆಯಲ್ಲಿ ಆ ಪಟ್ಟಿಯನ್ನು ಗಂಬೂಟಿನೊಳಗೆ ಇಳಿಬಿಟ್ಟರೆ ಅದು ಮಡಚದೆ ತಳದಲ್ಲಿ ಚಪ್ಪಟೆಯಾಗಿ ಮಲಗಬೇಕು. ಹಿಂದಕ್ಕೂ ಮುಂದಕ್ಕೂ ಜಾರಲೂಬಾರದು. ಗಂಬೂಟಿನ ವಿಷಯದಲ್ಲಿ ಇದು ಬಹು ಮುಖ್ಯ. ಏಕೆಂದರೆ ಬಟ್ಟೆಯ ಶೂವಿನಂತೆ ಮೇಲಿನಿಂದ ಹೆಬ್ಬೆರಳಿನಿಂದ ಒತ್ತಿ ನೋಡಿದರೆ ದಪ್ಪ ರಬ್ಬರಿನಡಿ ಬೆರಳೆಲ್ಲಿದೆಯೆಂಬುದೇ ತಿಳಿಯುವುದಿಲ್ಲ. ಕಟ್ಟಲು ಲೇಸೂ ಇಲ್ಲ, ಬಿಗಿಮಾಡಲು ಪಟ್ಟಿಯೂ ಇಲ್ಲ. ಪಾದವನ್ನು ಹಿಡಿದಿಡುವುದು ಅಳತೆಯೊಂದೇ. ಒಳಹಾಸು ಕಳಚಿ ಬರುವಂತಿದ್ದರೆ ಅದನ್ನು ಹೊರತೆಗೆದು ಮಗುವನ್ನು ಅದರ ಮೇಲೆ ನಿಲ್ಲಿಸಿ ನೋಡಬಹುದು. ಮಗುವನ್ನೇ ಕರೆದೊಯ್ದಿದ್ದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆಸಿ, ಒಮ್ಮೆ ಮೆಟ್ಟಿಲು ಹತ್ತಿಸಿ, ಹಿಮ್ಮಡಿ ಬಹಳ ಏಳುತ್ತದೆಯೋ ನೋಡಿರಿ. ಕೊನೆಯದಾಗಿ ಯಾರ ಸಹಾಯವೂ ಇಲ್ಲದೆ ಮಗು ತಾನೇ ಬೂಟು ಕಳಚಬಲ್ಲುದೇ ಎಂಬುದನ್ನು ಪರೀಕ್ಷಿಸದೆ ಹಣ ಕೊಡಬೇಡಿರಿ. ನೀರಿಗೆ ಬಿದ್ದ ಮಗುವಿಗೆ ಅದೊಂದು ಬೇಕಾದೀತು.

ಅಳತೆ ಸರಿಯಾದ ಮಾತ್ರಕ್ಕೆ ಗಂಬೂಟನ್ನು ದಿನವಿಡೀ ಹಾಕಿಸುವುದೂ ತರವಲ್ಲ. ರಬ್ಬರು ಉಸಿರಾಡುವುದಿಲ್ಲ. ಬೆವರು ಒಳಗೇ ನಿಂತು ಬೆರಳ ಸಂದಿ ಬೆಳ್ಳಗಾಗಿ ಹುಣ್ಣಾಗುತ್ತದೆ. ಶಾಲೆ ತಲುಪಿದ ಮೇಲೆ ಕಳಚಿಟ್ಟು ಪಾದ ಒರೆಸಿಕೊಂಡು ಬೇರೆ ಚಪ್ಪಲಿ ಮೆಟ್ಟಲಿ. ನಮ್ಮ ಕರಾವಳಿಯ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಮೂಳೆತಜ್ಞರಾದ ರಾವ್ ಮತ್ತು ಜೋಸೆಫ್ ಅವರು 2300 ಮಕ್ಕಳ ಹೆಜ್ಜೆಗುರುತುಗಳನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪಾದರಕ್ಷೆ ಮೆಟ್ಟುವ ಮಕ್ಕಳಲ್ಲಿ ನೂರಕ್ಕೆ 8.6ರಷ್ಟು ಮಂದಿಗೆ ಚಪ್ಪಟೆ ಪಾದವಿದ್ದರೆ ಬರಿಗಾಲ ಮಕ್ಕಳಲ್ಲಿ ಅದು 2.8 ಮಾತ್ರ. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲೇ ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ. ಹಾಗೆಂದು ಮಳೆಯ ಕೆಸರಿನಲ್ಲಿ ಬರಿಗಾಲಲ್ಲಿ ಬಿಡಿರೆಂದು ಅರ್ಥವಲ್ಲ. ಕೊಕ್ಕೆಹುಳು ಪಾದದ ಚರ್ಮದ ಮೂಲಕವೇ ದೇಹವನ್ನು ಹೊಗುತ್ತದೆ. ಪಾದರಕ್ಷೆಯನ್ನು ಹೊಸ್ತಿಲಾಚೆ ಬಿಟ್ಟು ಒಳಬರುವ ನಮ್ಮ ಮನೆಗಳ ವಾಡಿಕೆ ಮಕ್ಕಳ ಪಾದಗಳಿಗೆ ಎಷ್ಟು ಉಪಕಾರಿಯೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಪರದೇಶದ ಅಳತೆಗಳು ನಮ್ಮ ಪಾದಕ್ಕೆ ಹೊಂದುವುದಿಲ್ಲವೆಂಬ ದೂರು ಹಳೆಯದು. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದಾದ್ಯಂತ ಒಂದು ಲಕ್ಷಕ್ಕೂ ಮಿಕ್ಕಿದ ಜನರ ಪಾದಗಳನ್ನು ಅಳೆದರು. ಭಾರತೀಯರ ಪಾದ ಪಾಶ್ಚಾತ್ಯರದಕ್ಕಿಂತ ಅಗಲವೆಂದು ಕಂಡುಬಂದಿತು. ಭಾರತದ ಮೊದಲಕ್ಷರ ಹಿಡಿದು "ಭ" ಎಂದು ಹೆಸರಿಟ್ಟು ಸೂಚಿಸಿರುವ ಹೊಸ ಪದ್ಧತಿಯಲ್ಲಿ ಎಳೆಗೂಸಿನಿಂದ ವಯಸ್ಕರವರೆಗೆ ಎಂಟು ವರ್ಗಗಳಿವೆ. ಗಂಬೂಟು ಕೊಳ್ಳುವಾಗ ಅಗಲವನ್ನೂ ನೋಡಬೇಕೆಂಬುದಕ್ಕೆ ಇದೇ ಆಧಾರ. ಉದ್ದ ಸರಿಯಿದ್ದು ಕಿರುಬೆರಳ ಬದಿ ಒತ್ತುತ್ತಿದ್ದರೆ ಆ ಜೋಡಿ ಬೇಡ.

ಸರಕಾರಿ ಶಾಲೆಗಳ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಶೂ ಮತ್ತು ಕಾಲುಚೀಲಗಳನ್ನು ಕೊಡುವ ಏರ್ಪಾಡಿದೆ. ಕೊಳ್ಳುವ ಹೊಣೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳದು. ಈ ಪತ್ರಿಕೆಯ ಓದುಗರಲ್ಲಿ ಅಂಥ ಸಮಿತಿಗಳ ಸದಸ್ಯರೂ ಇದ್ದಾರೆ. ತರಗತಿಯ ಪಟ್ಟಿ ನೋಡಿ ನಂಬರು ಬರೆಯುವ ಬದಲು ಒಂದು ಸಂಜೆ ಶಾಲೆಯ ಜಗುಲಿಯಲ್ಲಿ ಮಕ್ಕಳನ್ನು ನಿಲ್ಲಿಸಿ ಅಳೆದರೆ ದಾಸೋಹವೆಂದು ಬೇರೆ ಹುಡುಕಬೇಕಿಲ್ಲ.

ತೊಯ್ದ ಗಂಬೂಟನ್ನು ಬಚ್ಚಲ ಒಲೆಯ ಬಾಯಿಗೆ ಒಣಹಾಕುವ ಅಭ್ಯಾಸ ಮಲೆನಾಡಿನಲ್ಲಿದೆ. ಬಿಸಿಗೆ ರಬ್ಬರು ಒಡೆದು ಬಿರುಕಿನಿಂದ ನೀರು ನುಗ್ಗುತ್ತದೆ. ಹಳೆಯ ಪತ್ರಿಕೆಯ ಹಾಳೆಗಳನ್ನು ಉಂಡೆ ಮಾಡಿ ಒಳಗೆ ತುಂಬಿದರೆ ತೇವವನ್ನು ಹೀರಿಕೊಳ್ಳುತ್ತವೆ. ಬೆಳಿಗ್ಗೆ ಮೆಟ್ಟುವ ಮುನ್ನ ತಲೆಕೆಳಗು ಮಾಡಿ ಕೊಡವುವುದನ್ನು ಮಕ್ಕಳಿಗೆ ಕಲಿಸಿರಿ. ಚೇಳಿಗೂ ಕಪ್ಪೆಗೂ ಅದು ಬೆಚ್ಚನೆಯ ಮನೆ.

ಈಗ ನಮ್ಮ ಮನೆಯಲ್ಲಿ ವರ್ಷಕ್ಕೆರಡು ಸಲ ಈ ಕೆಲಸ ನಡೆಯುತ್ತದೆ, ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ. ಹಳ್ಳಕ್ಕೆ ಬಿದ್ದ ಮರುವರ್ಷದಿಂದ ಅಳೆಯುವವನು ಮಗನೇ. ಮೊದಲ ಸಲ ಅವನು ಮಂಡಿಯೂರಿ ಪೆನ್ಸಿಲು ಹಿಡಿದಾಗ ಮಗು ನಕ್ಕು ನಕ್ಕು ಗೋಡೆಗೆ ಒರಗಿತು. ಎಡಪಾದ 19.4, ಬಲಪಾದ 19.1 ಸೆಂಟಿಮೀಟರ್. ದೇವರ ಕೋಣೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಆ ಅಂಕಿಗಳು ಇನ್ನೂ ಹಾಗೆಯೇ ಇವೆ.