ಸುತ್ತಿಗೆಯ ಕೀಲು

ಗ್ರ್ಯಾಂಡ್ ಪಿಯಾನೊವಿನ ಮುಂದೆ ಕುಳಿತವನಿಗೆ ಕಾಣುವುದು 88 ಕೀಗಳ ಕಪ್ಪು-ಬಿಳುಪಿನ ಸಾಲು ಮಾತ್ರವೇ ಆದರೂ, ಬೆರಳಿನ ಒತ್ತಡವನ್ನು ತಂತಿಯ ಮೇಲಿನ ಸುತ್ತಿಗೆಯ ಪೆಟ್ಟಾಗಿ ಪರಿವರ್ತಿಸುವ, ಮರ, ಚರ್ಮ, ಉಣ್ಣೆಗಳಿಂದ ರಚಿತವಾದ ಸೂಕ್ಷ್ಮ ಯಂತ್ರವೊಂದು ಅದರ ಹಿಂದೆ ಅಡಗಿರುವುದು. ಕಸುಬಿನವರು ಅದನ್ನು ‘ಆ್ಯಕ್ಷನ್’ ಎನ್ನುವರು. ಫ್ಲಾರೆನ್ಸಿನ ಕ್ರಿಸ್ತೊಫೊರಿ 1700ರ ಸುಮಾರಿನಲ್ಲಿ ಕಲ್ಪಿಸಿದ ಈ ಯಂತ್ರಕ್ಕೆ ಪಿಯಾನೊ ತಯಾರಕರಾದ ಎರಾರ್ ಮನೆತನದವರು 1821ರಲ್ಲಿ ಸನ್ನೆಯೊಂದನ್ನು ಕೂಡಿಸಿ, ಕೀ ಪೂರ್ತಿ ಮೇಲೇಳುವ ಮೊದಲೇ ಅದೇ ಸ್ವರವನ್ನು ಪುನಃ ನುಡಿಸುವ ಸೌಕರ್ಯವನ್ನು ಕಲ್ಪಿಸಿದರು. ರಷ್ಯದ ಸಂಗೀತರಚಕ ಮೆಡ್ಟ್‌ನರ್ ನಮ್ಮ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರಿಗೆ ಅರ್ಪಿಸಿದ ಮೂರನೆಯ ಪಿಯಾನೊ ಕನ್ಚೆರ್ಟೊದಂಥ ಕೃತಿಗಳನ್ನು ನುಡಿಸುವವರಿಗೆ ಈ ಸೌಕರ್ಯ ಅನಿವಾರ್ಯ.

ಸುತ್ತಿಗೆಯ ದಂಡ ತಿರುಗುವುದು ಸುಮಾರು 1.3 ಮಿಲಿಮೀಟರ್ ದಪ್ಪದ ಲೋಹದ ಪಿನ್ನೊಂದರ ಮೇಲೆ; ಪಿನ್ನನ್ನು ಸುತ್ತುವರಿದಿರುವುದು ಉಣ್ಣೆಬಟ್ಟೆಯ ಪುಟ್ಟ ಬಳೆ; ಇದೇ ಸುತ್ತಿಗೆಯ ಕೀಲು. ವಾದ್ಯದ ವ್ಯಾಧಿಗಳಲ್ಲಿ ಹಲವು ಇಲ್ಲಿಯೇ ಹುಟ್ಟುವುವು. ವಿಶಾಖಪಟ್ಟಣದಲ್ಲಿ ಸಮುದ್ರದ ತೇವವನ್ನು ಹೀರಿದ ಬಳೆ ಮಳೆಗಾಲದ ಕದದಂತೆ ಉಬ್ಬಿ ಪಿನ್ನನ್ನು ಬಿಗಿಹಿಡಿಯುವುದರಿಂದ, ಮೇಲೆದ್ದ ಸುತ್ತಿಗೆ ತಡವಾಗಿ ಇಳಿಯುವುದು, ಕೆಲವೊಮ್ಮೆ ಇಳಿಯದೆಯೂ ನಿಲ್ಲುವುದು. ಅದೇ ವಾದ್ಯವನ್ನು ವಿಜಯವಾಡಕ್ಕೆ ಸಾಗಿಸಿದರೆ, ಉಷ್ಣಮಾನ 45 ಡಿಗ್ರಿಯನ್ನು ಮುಟ್ಟಬಲ್ಲ ಆ ಊರಿನ ಬೇಸಗೆಯ ಒಣಹವೆಯಲ್ಲಿ ಮರ ಕುಗ್ಗಿ, ಕೀಲನ್ನು ಹಿಡಿದ ತಿರುಪುಗಳು ಸಡಿಲಿ, ಸುತ್ತಿಗೆ ಅತ್ತಿತ್ತ ಓಲಾಡುತ್ತ ಟಕಟಕ ಸದ್ದನ್ನು ಸ್ವರಕ್ಕೆ ಬೆರೆಸುವುದು. ಒಂದೇ ಕೀಲಿಗೆ ಎರಡು ಊರುಗಳಲ್ಲಿ ವಿರುದ್ಧವಾದ ರೋಗಗಳು! ಆದಕಾರಣ ಊರನ್ನೂ ಋತುವನ್ನೂ ವಿಚಾರಿಸದೆ ಉಪಕರಣವನ್ನು ಕೈಗೆತ್ತಿಕೊಳ್ಳುವ ರಿಪೇರಿಯವನನ್ನು ನಾನು ನಂಬಲಾರೆ.

ಆ್ಯಕ್ಷನ್ನನ್ನು ಪೆಟ್ಟಿಗೆಯಿಂದ ಮುಂದಕ್ಕೆ ಎಳೆಯುವ ಗಳಿಗೆಯೇ ಅತ್ಯಂತ ಅಪಾಯಕರವಾದುದು. ಯಾವುದಾದರೊಂದು ಕೀಗೆ ಬೆರಳು ತಗುಲಿತೋ, ಅದರ ಸುತ್ತಿಗೆ ತಲೆಯೆತ್ತಿ ಮೇಲಿನ ಹಲಗೆಗೆ ಸಿಕ್ಕಿ, ದಂಡ ಮುರಿಯುವುದು. ಹೊರಬಂದ ಬಳಿಕ ಸಂಶಯವಿರುವ ಸುತ್ತಿಗೆಯ ಕೀಲನ್ನು ಬಿಚ್ಚಿ ತೂಗಿಬಿಡುವರು: ಕೆಲವು ಸಲ ಓಲಾಡಿ ತಾನಾಗಿ ನಿಂತರೆ ಆರೋಗ್ಯ, ಒಂದೇ ಓಲಾಟಕ್ಕೆ ನಿಂತರೆ ಬಿಗಿತ, ಬಹಳ ಹೊತ್ತು ತೂಗಾಡಿದರೆ ಸವಕಳಿ. ಬಿಗಿತಕ್ಕೆ ಹಳೆಯ ಪಿನ್ನನ್ನು ತೆಗೆದು, ಬಳೆಯ ಒಳಮೈಯನ್ನು ನವುರಾಗಿ ತೀಡಿ, ತಕ್ಕ ಪಿನ್ನನ್ನು ಸೇರಿಸುವರು. ಸವಕಳಿಗೆ ಮೊದಲಿನದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪನೆಯ ಪಿನ್ನು ಸಾಕು, ತಿರುಪು ಸಡಿಲಿದ್ದರೆ ಬಿಗಿಯುವುದಷ್ಟೆ. ದಂಡದಡಿಯ ಚರ್ಮದ ಉರುಳೆ ಚಪ್ಪಟೆಯಾಗಿದ್ದರೆ ಅದನ್ನು ಬದಲಿಸಬೇಕು. ತಂತಿಗಳ ಗೆರೆ ಬಿದ್ದ ಸುತ್ತಿಗೆಯ ತಲೆಯನ್ನು ಮರಳುಕಾಗದದಿಂದ ಹೆರೆದು ದುಂಡಗೆ ಮಾಡಬಹುದು, ಆದರೆ ಹೆರೆದ ಫೆಲ್ಟು, ಅಂದರೆ ತಲೆಗೆ ಹೊದಿಸಿದ ಒತ್ತುಣ್ಣೆ, ಮರಳಿ ಬೆಳೆಯದು.

ಇವೆಲ್ಲವುಗಳಿಗಿಂತ ಘೋರವಾದುದು ಅಂಟಿದ ಕೀಲಿಗೆ ಹೊಲಿಗೆಯಂತ್ರದ ಎಣ್ಣೆಯನ್ನು ತೊಟ್ಟಿಕ್ಕುವ ಗೃಹವೈದ್ಯ. ನಾಲ್ಕು ದಿನ ಸ್ವರ ಸಲೀಸಾಗಿ ಬರುವುದು ನಿಜ. ಆಮೇಲೆ ಎಣ್ಣೆ ಉಣ್ಣೆಯೊಳಗಿಳಿದು ಧೂಳಿನೊಡನೆ ಜಿಗುಟಾಗಿ, ಮರವನ್ನೂ ನೆನೆಸುವುದರಿಂದ, ಪಿನ್ನು ಬದಲಿಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಇಡೀ ಕೀಲನ್ನೇ ಹೊಸದಾಗಿ ತರಿಸಬೇಕಾಗುವುದು.