ಹಳೆ ಬಿಡಿಭಾಗಗಳ ವ್ಯಾಪಾರಕ್ಕೆ ಎಂಥ ಸಾಫ್ಟ್‌ವೇರ್?

ದೀಪಾವಳಿಯ ದಿನ ಬಸದಿಯಲ್ಲಿ ನಿರ್ವಾಣ ಲಾಡು ಅರ್ಪಿಸಿ ಬಂದು ಅಂಗಡಿಯಲ್ಲಿ ವಹಿಪೂಜೆ ಮಾಡುವುದು ನಮ್ಮ ಅನೇಕ ಮನೆತನಗಳ ರೂಢಿ. ಈಗ ಕೆಂಪು ವಹಿಯ ಪಕ್ಕದಲ್ಲಿ ಕಂಪ್ಯೂಟರಿಗೂ ಕುಂಕುಮ ಬೀಳುತ್ತದೆ. ಕಿರಾಣಿ, ಜವಳಿ, ಪಾತ್ರೆ ಅಂಗಡಿಯವರಿಗೆ ಪೇಟೆಯಲ್ಲಿ ಸಿಗುವ ಸಿದ್ಧ ಸಾಫ್ಟ್‌ವೇರ್ ಸಾಕು. ಆದರೆ ಹಳೆ ಕಾರುಗಳ ಇಂಜಿನ್, ಗೇರ್‌ಬಾಕ್ಸ್, ಬಾಗಿಲು, ಡೈನಮೋ ಮಾರುವ ಬಂಧುಗಳು ಅದನ್ನೇ ತಂದು ಕೂಡಿಸಿದರೆ ಲೆಕ್ಕ ತಪ್ಪುತ್ತದೆ. ಒಂದು ಕಿಲೋ ಸಕ್ಕರೆಗೆ ಇನ್ನೊಂದು ಕಿಲೋ ಸಕ್ಕರೆ ಸಮ. ಒಂದು ಹಳೆ ಡೈನಮೋಕ್ಕೆ ಇನ್ನೊಂದು ಹಳೆ ಡೈನಮೋ ಸಮವಲ್ಲ.

ಹೇಗೆಂದು ನೋಡೋಣ. ಅಂಗಡಿಯಲ್ಲಿ ಎರಡು ಡೈನಮೋ ಇವೆ. ಒಂದರ ಅಸಲು 1,200 ರೂಪಾಯಿ, ಇನ್ನೊಂದರದು 2,400. ಸರಾಸರಿ ಹಿಡಿಯುವ ಸಾಫ್ಟ್‌ವೇರ್ ಎರಡಕ್ಕೂ 1,800 ಎಂದು ತೋರಿಸುತ್ತದೆ. ಮೊದಲನೆಯದನ್ನು 1,700ಕ್ಕೆ ಕೊಟ್ಟರೆ ನಿಜವಾಗಿ 500 ಲಾಭ. ಪರದೆಯ ಮೇಲೆ 100 ನಷ್ಟ. ಎರಡನೆಯದನ್ನು 2,100ಕ್ಕೆ ಕೊಟ್ಟರೆ ನಿಜವಾಗಿ 300 ನಷ್ಟ. ಪರದೆಯ ಮೇಲೆ 300 ಲಾಭ. ವರ್ಷದ ಕೊನೆಗೆ ಒಟ್ಟು ಮೊತ್ತ ಸರಿಹೋದೀತು. ಆದರೆ ಗಲ್ಲೆಯ ಮೇಲೆ ಕುಳಿತ ಹುಡುಗ ಲಾಭದ ಗಿರಾಕಿಯನ್ನು ಹಿಂದಕ್ಕೆ ಕಳಿಸಿ, ನಷ್ಟದ ಗಿರಾಕಿಗೆ ನಗುತ್ತ ಬಿಲ್ಲು ಹರಿದಿರುತ್ತಾನೆ.

ಆದ್ದರಿಂದ ಸಾಫ್ಟ್‌ವೇರ್ ಮಾರಲು ಬಂದವರಿಗೆ ಮೊದಲು ಕೇಳಬೇಕಾದದ್ದು ಬೆಲೆಯಲ್ಲ. ಒಂದೊಂದು ನಗಕ್ಕೂ ಬೇರೆ ಬೇರೆ ಸಂಖ್ಯೆ, ಆ ಸಂಖ್ಯೆಗೆ ಅದರದೇ ಅಸಲು, ಅದು ಯಾವ ಗಾಡಿಯಿಂದ ಬಂತೆಂಬ ದಾಖಲೆ ಇಡಲು ಬರುತ್ತದೆಯೇ ಎಂದು ಕೇಳಿರಿ. ಜೋಹೋ ಇನ್ವೆಂಟರಿ, ಇಆರ್‌ಪಿ ನೆಕ್ಸ್ಟ್ ಇವುಗಳಲ್ಲಿ ಸೀರಿಯಲ್ ಸಂಖ್ಯೆಯ ಸೌಕರ್ಯವಿದೆ. ನಮ್ಮಲ್ಲಿ ಮನೆಮಾತಾಗಿರುವ ಟ್ಯಾಲಿಯಲ್ಲಿ ಬ್ಯಾಚ್ ಸಂಖ್ಯೆಯನ್ನೇ ನಗದ ಸಂಖ್ಯೆಯಾಗಿ ಬಳಸಬಹುದು. ಐವತ್ತು ಅರವತ್ತು ನಗದ ಸಣ್ಣ ಅಂಗಡಿಯಾದರೆ ಎಕ್ಸೆಲ್ ಹಾಳೆಯೊಂದೇ ಸಾಕು, ಅದಕ್ಕೆ ನಾಚಿಕೆಪಡಬೇಕಿಲ್ಲ.

ಯಾವ ಗಾಡಿಯಿಂದ ಬಂತೆಂಬ ದಾಖಲೆಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಳ್ಳ ತಂದ ಮಾಲನ್ನು ಕೊಳ್ಳುವುದು ಅದರಲ್ಲಿ ಒಂದು. ಅಸಲಿಯಂತೆ ಕಾಣುವ ನಕಲಿಯನ್ನು ಮಾರುವುದು ಇನ್ನೊಂದು. ಹಳೆ ಬಿಡಿಭಾಗದ ವ್ಯಾಪಾರದಲ್ಲಿ ಕಾಲು ಜಾರುವುದು ಈ ಎರಡು ಕಡೆಯಲ್ಲೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನ ಪ್ರಕಾರ, ಕಳವಿನದೆಂದು ತಿಳಿದೋ ಹಾಗೆ ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಮಾಲು ಪಡೆದವನಿಗೆ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ರಾತ್ರಿ ಹೊತ್ತು ಬಿಲ್ಲಿಲ್ಲದೆ ಅಗ್ಗಕ್ಕೆ ತಂದುಕೊಡುವ ಗೇರ್‌ಬಾಕ್ಸ್ ಎಂಥದೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಗಾಡಿಯ ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಕೊಟ್ಟವರ ಬಿಲ್ಲಿನ ಸಂಖ್ಯೆ ತುಂಬದೆ ಹೊಸ ನಗವನ್ನು ಒಳಗೆ ಬಿಟ್ಟುಕೊಳ್ಳದ ಹಾಗೆ ಸಾಫ್ಟ್‌ವೇರನ್ನು ಕಟ್ಟಿಸಿಕೊಳ್ಳಬೇಕು. ಮಾಲೀಕನಿಗೆ ಆಸೆಯಾದರೂ ಯಂತ್ರ ತಡೆಯುತ್ತದೆ. ನೋಂದಾಯಿತ ಗುಜರಿ ಕೇಂದ್ರಗಳಿಗೆ 2021ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿದೆ. ಅಂಥ ಕೇಂದ್ರದಿಂದ ಬಿಲ್ಲು ಸಮೇತ ಕೊಂಡರೆ ಈ ಕಾಗದಗಳು ತಾವಾಗಿ ಕೂಡಿಬರುತ್ತವೆ.

ಎರಡನೆಯ ಅತಿಚಾರಕ್ಕೂ ಒಂದು ಕಲಂ ಬೇಕು. ‘ಬಿಚ್ಚಿದ ಹಾಗೆಯೇ ಇದ್ದದ್ದು’, ‘ರಿಪೇರಿ ಮಾಡಿದ್ದು’, ‘ಪರೀಕ್ಷಿಸಿಲ್ಲ’ ಎಂಬ ಮೂರು ಮಾತುಗಳಲ್ಲಿ ಒಂದು ಬಿಲ್ಲಿನ ಮೇಲೆ ಅಚ್ಚಾಗಿಯೇ ಬರಬೇಕು. ಬಣ್ಣ ಹೊಡೆದು ಪಾಲಿಥಿನ್ ಸುತ್ತಿ ಹೊಸದೆಂದು ಕೊಡುವ ಪದ್ಧತಿ ಪೇಟೆಯಲ್ಲಿ ಎಷ್ಟೇ ಇರಲಿ, ಬ್ರೇಕು, ಸ್ಟೇರಿಂಗಿನ ಭಾಗಗಳಲ್ಲಿ ಅದು ಬರೀ ಸುಳ್ಳಲ್ಲ, ಹಿಂಸೆ.

ಇನ್ನು ದರದ ವಿಚಾರ. ಒಂದು ಗಾಡಿಯ ಭಾಗಗಳನ್ನು ಒಟ್ಟಾಗಿ ಕೊಂಡಾಗ ಒಂದೊಂದರ ಅಸಲು ಎಷ್ಟು? ಸಾಗಣೆ, ಹಮಾಲಿ ಸೇರಿ 45,000 ಬಿತ್ತೆನ್ನಿ. ಎಲ್ಲ ಮಾರಿದರೆ 75,000 ಬರಬಹುದೆಂದು ಅಂದಾಜು. ಅಂದರೆ ಮಾರಾಟದ ಒಂದು ರೂಪಾಯಿಗೆ ಅಸಲು 60 ಪೈಸೆ. 30,000ಕ್ಕೆ ಹೋಗುವ ಇಂಜಿನ್ನಿಗೆ 18,000, 12,000ದ ಗೇರ್‌ಬಾಕ್ಸಿಗೆ 7,200 ಹೀಗೆ ಹಂಚಬೇಕು. ಈ ಹಂಚಿಕೆಯನ್ನು ಸಾಫ್ಟ್‌ವೇರ್ ತಾನೇ ಮಾಡಿದರೆ ಒಳ್ಳೆಯದು. ಇಲ್ಲವಾದರೆ ಕೈಯಲ್ಲಿ ಲೆಕ್ಕ ಹಾಕಿ ತುಂಬಬಹುದು. ನಮ್ಮ ಹಿರಿಯರು ಹತ್ತು ಅಕ್ಷರದ ಗುಪ್ತ ಪದವೊಂದನ್ನು ಇಟ್ಟುಕೊಂಡು, ಅಂಕಿಗೆ ಬದಲು ಅಕ್ಷರ ಬರೆದು ಚೀಟಿಯ ಮೇಲೆ ಅಸಲು ನಮೂದಿಸುತ್ತಿದ್ದರು. ಈಗಲೂ ಅಷ್ಟೇ: ಹೇಳುವ ದರ ಎಲ್ಲರಿಗೂ ಕಾಣಲಿ, ಬಿಡುವ ಕೊನೆಯ ದರ ಮನೆಯವರಿಗೆ ಮಾತ್ರ ಕಾಣಲಿ. ಆರು ತಿಂಗಳು ಕುಳಿತ ಮಾಲಿನ ಪಟ್ಟಿಯೂ ತಿಂಗಳಿಗೊಮ್ಮೆ ಬರಬೇಕು.

ಸರಕು ಸೇವಾ ತೆರಿಗೆಯಲ್ಲೂ ನಗಕ್ಕೊಂದು ಅಸಲು ಬೇಕಾಗುತ್ತದೆ. ನಿಯಮಾವಳಿಯ 32(5)ರ ಪ್ರಕಾರ, ಖರೀದಿಯ ಮೇಲಿನ ತೆರಿಗೆ ಜಮೆ ಪಡೆಯದ ಹಳೆ ಸಾಮಾನಿನ ವ್ಯಾಪಾರಿ ಕೊಂಡ ದರಕ್ಕೂ ಮಾರಿದ ದರಕ್ಕೂ ಇರುವ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. ಮಾಲಿನ ಸ್ವರೂಪ ಬದಲಾಗಿರಬಾರದು. ಇಡೀ ಗಾಡಿ ಕೊಂಡು ಬಿಚ್ಚಿ ಮಾರುವವರು ಇದನ್ನು ತಾವೇ ಅನ್ವಯಿಸಿಕೊಳ್ಳದೆ ಲೆಕ್ಕ ಪರಿಶೋಧಕರನ್ನು ಕೇಳಬೇಕು. ಬಿಡಿಭಾಗಗಳ ದರ 2025ರ ಸೆಪ್ಟೆಂಬರ್ 22ರಿಂದ 28ರ ಬದಲು 18 ಪ್ರತಿಶತ ಆಗಿದೆ. ಹಳೆಯ ಸಾಫ್ಟ್‌ವೇರಿನಲ್ಲಿ ತಿದ್ದಿದೆಯೇ ನೋಡಿಕೊಳ್ಳಿ. ಗಡಿಯಲ್ಲಿರುವ ನಮಗೆ ಇನ್ನೊಂದು ಮಾತು: ಸೊಲ್ಲಾಪುರದಿಂದ ವಿಜಯಪುರಕ್ಕೆ ಮಾಲು ಕಳಿಸಿದರೆ ಅದು ಬೇರೆ ರಾಜ್ಯದ ವ್ಯವಹಾರ. ಕಾಂಪೊಸಿಷನ್ ಯೋಜನೆಯಲ್ಲಿ ಇರುವವರು ಹಾಗೆ ಮಾರುವಂತಿಲ್ಲ. ಉಳಿದವರ ಸಾಫ್ಟ್‌ವೇರ್ ಗಿರಾಕಿಯ ರಾಜ್ಯ ನೋಡಿ ತೆರಿಗೆಯ ಬಗೆಯನ್ನು ತಾನೇ ಬದಲಿಸಬೇಕು; 50,000 ಮೀರಿದರೆ ಇ-ವೇ ಬಿಲ್ಲನ್ನು ನೆನಪಿಸಬೇಕು.

ಯಾವುದು ಯಾವುದಕ್ಕೆ ಕೂಡುತ್ತದೆ ಎಂಬ ಜ್ಞಾನ ನಮ್ಮ ಮೇಸ್ತ್ರಿಗಳ ತಲೆಯಲ್ಲಿದೆ, ಕಂಪ್ಯೂಟರಿನಲ್ಲಿಲ್ಲ. ಅಮೆರಿಕದ ಗುಜರಿಯವರು ಹಾಲಂಡರ್ ಎಂಬ ಅದಲುಬದಲು ಸಂಖ್ಯೆಯ ಪಟ್ಟಿಯನ್ನು ದಶಕಗಳಿಂದ ಬಳಸುತ್ತಿದ್ದಾರೆ. ಮಾರುತಿ ಸ್ವಿಫ್ಟ್, ಟಾಟಾ ವಿಸ್ಟಾ, ಫಿಯೆಟ್ ಪುಂಟೋ ಮೂರರಲ್ಲೂ ಬಂದ 1248 ಸಿಸಿ ಡೀಸೆಲ್ ಇಂಜಿನ್ ಮೂಲತಃ ಫಿಯೆಟ್ಟಿನ ಒಂದೇ ಇಂಜಿನ್. ಹಾಗೆಂದು ಅದರ ಸುತ್ತಲಿನ ಎಲ್ಲ ಭಾಗಗಳೂ ಕೂಡುವುದಿಲ್ಲ. ಭಾಗದ ಮೇಲಿನ ನಂಬರು ನೋಡಲೇಬೇಕು. ಮೇಸ್ತ್ರಿ ಹೇಳಿದ್ದನ್ನು ಬರೆದಿಡಲು ‘ಇದಕ್ಕೂ ಕೂಡುತ್ತದೆ’ ಎಂಬ ಒಂದು ಜಾಗ ಸಾಫ್ಟ್‌ವೇರಿನಲ್ಲಿ ಇರಲಿ. ಹುಡುಕುವಾಗ ‘ಆಲ್ಟರ್ನೇಟರ್’ ಎಂದರೂ ‘ಡೈನಮೋ’ ಎಂದರೂ, ‘ಸ್ಟಾರ್ಟರ್’ ಎಂದರೂ ‘ಸೆಲ್ಫ್’ ಎಂದರೂ ಸಿಗಬೇಕು.

ಮಾರುವವರು ತಂದ ಚಂದದ ನಮೂನೆ ನೋಡಿ ಒಪ್ಪಬೇಡಿ. ನಿಮ್ಮ ಗೋದಾಮಿನ ಇಪ್ಪತ್ತು ನಗಗಳನ್ನು ಅವರ ಎದುರಿಗೇ ತುಂಬಿಸಿ, ಒಂದನ್ನು ಮಾರಿ, ಒಂದನ್ನು ವಾಪಸು ತೆಗೆದುಕೊಂಡು ನೋಡಿ. ಬಿಟ್ಟು ಹೋಗುವಾಗ ನಮ್ಮ ಲೆಕ್ಕವೆಲ್ಲ ಎಕ್ಸೆಲ್ ಹಾಳೆಯಾಗಿ ನಮ್ಮ ಕೈಗೆ ಬರುವುದೇ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ಕಾಗದದ ಚೀಟಿ ಗ್ರೀಸಿಗೆ ಉದುರುತ್ತದೆ. ಸಂಖ್ಯೆಯನ್ನು ಬಣ್ಣದ ಪೆನ್ನಿನಲ್ಲಿ ಭಾಗದ ಮೇಲೆಯೇ ಬರೆಯಬೇಕು.

ಮೂವತ್ತು ವರ್ಷದ ಹಳೆ ದಾಸ್ತಾನನ್ನೆಲ್ಲ ಎಣಿಸಿಯೇ ಶುರುಮಾಡುತ್ತೇವೆಂದು ಕುಳಿತವರು ಶುರುಮಾಡುವುದೇ ಇಲ್ಲ. ಮುಂದೆ ಬರುವ ಗಾಡಿಯಿಂದ ಸಂಖ್ಯೆ ಹಾಕಿರಿ. ಹಳೆಯದಕ್ಕೆ ಗಿರಾಕಿ ಕೇಳಿ ಹೊರಗೆ ತೆಗೆದ ದಿನ ಸಂಖ್ಯೆ ಕೊಡಿರಿ. ಮೂಲ ಕಾಗದ ಸಿಗದಿದ್ದರೆ ಸಿಗಲಿಲ್ಲವೆಂದೇ ಬರೆಯಿರಿ. ಎರಡು ದೀಪಾವಳಿ ಕಳೆದ ಮೇಲೂ ಸಂಖ್ಯೆಯಿಲ್ಲದೆ ಮೂಲೆಯಲ್ಲಿ ಉಳಿದದ್ದನ್ನು ಕಿಲೋ ಲೆಕ್ಕದಲ್ಲಿ ಕಬ್ಬಿಣದವರಿಗೆ ತೂಗಿ ಕೊಡಿರಿ.